ದೊಡ್ಡಮನೆಯ ಒರಳು

ಕಳೆದ ವರುಷ ಇಂಗ್ಲಿಷ್ ತರಗತಿಯಲ್ಲಿ ಕಾದಂಬರಿಯೊಂದರ ಪಾಠ ನಡೆದಿತ್ತು. ಅದರಲ್ಲಿ ಬರುವ ಹಳ್ಳಿಯ ಶ್ರೀಮಂತರ ಬಂಗಲೆ, ಉದ್ಯಾನ, ಕೊಳ ಇವನ್ನೆಲ್ಲ ಅಧ್ಯಾಪಕರು ಸೊಗಸಾಗಿ ಬಣ್ಣಿಸುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ನನ್ನ ಕಣ್ಣಿಗೆ ಕಟ್ಟಿದುದು ಮಾತ್ರ ನನ್ನ ಅಜ್ಜಿಯ ಊರಿನ ದೊಡ್ಡಮನೆ.

ನಂಜನಗೂಡಿನಲ್ಲಿ ಬಸ್ಸು ಹತ್ತಿ, ಕಪಿಲೆ ಹರಿಯುವ ದಿಕ್ಕಿಗೇ ಹೊರಟರೆ, ಅವಳು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರಕ್ಕೆ ಮೊದಲೇ ಆ ಊರು ಸಿಕ್ಕುತ್ತದೆ. ಮನೆ ತೊಟ್ಟಿಮನೆ. ನಾಡಹೆಂಚಿನ ಮಾಡು, ಜಗಲಿಯಲ್ಲಿ ಹಲಸಿನ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮಳೆಗಾಲದಲ್ಲಿ ನಾಲ್ಕು ಮೂಲೆಯಿಂದಲೂ ನೀರು ಅದರೊಳಕ್ಕೆ ಧುಮುಕುತ್ತಿತ್ತಂತೆ. ‘ಅಂತೆ’ ಎಂದುದೇಕೆಂದರೆ, ಹೇಳಿದ ಅಜ್ಜಿಯೂ ಅದನ್ನು ಕಂಡವಳಲ್ಲ. ಕೂಲಿಯವರು ಹಿತ್ತಿಲ ಬಾಗಿಲಿಂದ ಬಂದು ಹಿತ್ತಿಲ ಬಾಗಿಲಿಂದಲೇ ಹೋಗಬೇಕಾಗಿದ್ದಿತು.

ಆ ಹಿತ್ತಿಲನ್ನೋ ಅವಳು ಅಂಗೈಯಂತೆ ಬಲ್ಲಳು. ರಾಟೆಯ ಬಾವಿ, ಮಲ್ಲಿಗೆಯ ಚಪ್ಪರ, ನಿಂಬೆ, ರಸಬಾಳೆ. ಮೂಲೆಯ ಕೊಟ್ಟಿಗೆಯಲ್ಲಿ ನೆಲಕ್ಕೆ ಹೂತ ಒರಳು. ಹುಡುಗಿಯಾಗಿದ್ದಾಗ ಅಲ್ಲಿ ಬತ್ತ ಕುಟ್ಟಿದವಳು ಅವಳು. ಮುಂದೆ ರೋಗ ತಗುಲಿ ಬಾಳೆ ಅಳಿಯಿತು. ಈಗ ನಂಜನಗೂಡಿನ ರಸಬಾಳೆಗೆ ‘ಭೌಗೋಳಿಕ ಸೂಚಿ’ ಎಂಬ ಸರಕಾರದ ಮನ್ನಣೆ ದೊರೆತಿದೆ. ಬಾಳೆಯ ಪುಣ್ಯ! ಹಿತ್ತಿಲಿಗೆ ಅಂಥ ಮನ್ನಣೆ ಕೊಡುವವರಾರು?

1974ರಲ್ಲಿ ದೇವರಾಜ ಅರಸರ ಸರಕಾರ ಭೂಸುಧಾರಣೆಯ ಕಾನೂನನ್ನು ತಿದ್ದಿ, ಉಳುವವನನ್ನೇ ಹೊಲದ ಒಡೆಯನನ್ನಾಗಿ ಮಾಡಿತು. ಗೇಣಿಗೆ ಉಳುತ್ತಿದ್ದ ನಮ್ಮಜ್ಜನಿಗೆ ಒಂದೂವರೆ ಎಕರೆ ಬಂದಿತು. ಅದರ ದುಡಿಮೆಯಿಂದಲೇ ನಮ್ಮಪ್ಪ ಓದಿದರು. ನಾನು ಇಂದು ಈ ಕಾಲೇಜಿನಲ್ಲಿದ್ದೇನೆ. ದೊಡ್ಡಮನೆಯ ಮಕ್ಕಳು ಮೈಸೂರು, ಬೆಂಗಳೂರು ಸೇರಿದರು. ಮಾಡು ಸೋರಿತು, ಪಾಲುಪಾರೀಕತ್ತು ಮುಗಿಯಿತು.

ಬೇಸಗೆಯ ರಜೆಯಲ್ಲಿ ನಾನು ಹೋದಾಗ ಮನೆಯನ್ನು ಕೆಡವುತ್ತಿದ್ದರು. ಕಂಬಗಳನ್ನು ಯಾವುದೋ ಹೋಟೆಲಿನ ಅಲಂಕಾರಕ್ಕೆಂದು ಲಾರಿಗೆ ಏರಿಸುತ್ತಿದ್ದರು. ನನಗೆ ಹೊಟ್ಟೆಯೊಳಗೆ ಸಂಕಟವಾಯಿತು. “ಇಂಗ್ಲೆಂಡಿನಲ್ಲಾಗಿದ್ದರೆ ಇಂಥ ಮನೆಯನ್ನು ಉಳಿಸಿ, ಜನ ಬಂದು ನೋಡುವ ಹಾಗೆ ಇಡುತ್ತಿದ್ದರು, ಅಜ್ಜಿ” ಎಂದೆ.

“ಅಲ್ಲಿ ಬತ್ತ ಕುಟ್ಟೋಳು ಎಲ್ಲಿ ನಿಂತ್ಕತಿದ್ಲು ಮೊಗ?” ಎಂದಳು ಅಜ್ಜಿ.

ನನ್ನಲ್ಲಿ ಉತ್ತರವಿರಲಿಲ್ಲ. ರಜೆ ಮುಗಿದ ಮೇಲೆ ಓದಿ ನೋಡಿದೆ. ಅಲ್ಲಿಯೂ ಎಲ್ಲವೂ ಉಳಿದಿಲ್ಲ. ತೆರಿಗೆಯ ಭಾರ, ಆಳುಗಳ ಅಭಾವ. ಎರಡನೆಯ ಮಹಾಯುದ್ಧದ ತರುವಾಯ ನೂರಾರು ಬಂಗಲೆಗಳನ್ನು ಅಲ್ಲಿಯವರೇ ಕೆಡವಿದರು. 1895ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟಿಗೆ ಮನೆತನಗಳು ಬಿಟ್ಟುಕೊಟ್ಟವುಗಳಲ್ಲಿ ಹಲವು ಉಳಿದವು. ಅಂಥದೊಂದು ವೇಲ್ಸ್ ಸೀಮೆಯ ಎರ್ದಿಗ್. 1973ರಲ್ಲಿ ಟ್ರಸ್ಟಿನ ವಶವಾದ ಆ ಮನೆಯ ಒಡೆಯರು ತಮ್ಮ ಆಳುಗಳ ಚಿತ್ರಗಳನ್ನೂ ಬರೆಯಿಸಿ ಗೋಡೆಗೆ ತೂಗುಹಾಕಿದ್ದರು. ದುರಸ್ತಿಯಾಗಿ ಬಾಗಿಲು ತೆರೆದಾಗ, ನೋಡಬಂದವರನ್ನು ಮುಂಬಾಗಿಲಿಂದಲ್ಲದೆ ಕೆಲಸಗಾರರ ಅಂಗಳದ ಕಡೆಯಿಂದಲೇ ಒಳಕ್ಕೆ ಬಿಟ್ಟರಂತೆ. ಇದನ್ನು ಅಜ್ಜಿಗೆ ಹೇಳಿದಾಗ, “ಊ, ಅದು ಸರಿ” ಎಂದಳು. ಚಿತ್ರದಲ್ಲಿ ಅವರು ಏನು ಉಟ್ಟಿದ್ದಾರೆಂದೂ ಕೇಳಿದಳು.

ಆ ದಿನದ ಮಾತು ಮುಗಿಯಲಿಲ್ಲ. ಬಾಗಿಲುವಾಡವನ್ನೇ ಕಿತ್ತಿದ್ದ ಮುಂಬಾಗಿಲಿನಲ್ಲಿ ಅಜ್ಜಿ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಒಣಗಿದ ತೊಟ್ಟಿಯ ಅಂಚಿನಲ್ಲಿ ನಿಂತು ಒಮ್ಮೆ ಮೇಲೆ ನೋಡಿದಳು. “ಇಷ್ಟೇನಾ?” ಎಂದಳು. ಅಲ್ಲಿ ಹೆಚ್ಚು ಹೊತ್ತು ನಿಲ್ಲದೆ ನೆಟ್ಟಗೆ ಹಿತ್ತಿಲಿಗೆ ಹೋಗಿ, ಮಣ್ಣು ತುಂಬಿದ್ದ ಒರಳನ್ನು ಕೈಯಿಂದ ಕೆರೆದು ತೋರಿಸಿ, ಇದನ್ನು ತನಗೆ ಕೊಡಬೇಕೆಂದು ಮೇಸ್ತ್ರಿಯನ್ನು ಕೇಳಿದಳು. ಅವನು ನಕ್ಕು, ಎತ್ತಬಲ್ಲಿರಾದರೆ ಒಯ್ಯಿರಿ ಎಂದ. ನಾಲ್ಕು ಜನ ಹಾರೆ ಹಾಕಿ ಮೀಟಬೇಕಾಯಿತು.

ಈಗ ಅದು ನಮ್ಮ ಮನೆಯ ಮುಂದುಗಡೆ ಇದೆ. ಅಜ್ಜಿ ದಿನವೂ ತೊಳೆದು ನೀರು ತುಂಬುತ್ತಾಳೆ, ಕೋಳಿಗಳು ಕುಡಿಯುತ್ತವೆ.