ಕ್ರಿಯಾಪದದ ಭಯ

ಇಂಗ್ಲಿಷ್ ವ್ಯಾಕರಣದಲ್ಲಿ ನಾಮಪದ ಸಾಧುಪ್ರಾಣಿ, ಕಟ್ಟಿದಲ್ಲಿ ನಿಲ್ಲುತ್ತದೆ. ಕ್ರಿಯಾಪದ ಹಾಗಲ್ಲ, ಅದು ಹಗ್ಗ ಹರಿದುಕೊಂಡು ಓಡುವ ಹೋರಿ. ಮುಂಡರಗಿಯಿಂದಲೋ ಶಿರಹಟ್ಟಿಯಿಂದಲೋ ಬೆಳಗಿನ ಬಸ್ಸು ಹಿಡಿದು ಗದಗಿನ ಕಾಲೇಜಿಗೆ ಬರುವ ಕನ್ನಡ ಮಾಧ್ಯಮದ ಹುಡುಗ ಅರ್ಧ ವಾಕ್ಯದವರೆಗೆ ಧೈರ್ಯವಾಗಿ ನಡೆದು, ಕ್ರಿಯಾಪದದ ಹೊಸ್ತಿಲಲ್ಲಿ ಎಡವುತ್ತಾನೆ. ‘ಹಿ ಡಿಡ್ ನಾಟ್ ವೆಂಟ್’ ಎಂದುಬಿಡುತ್ತಾನೆ. ಹಿಂದಿನ ಬೆಂಚಿನಿಂದ ನಗೆ ಏಳುತ್ತದೆ. ಆ ಒಂದು ನಗೆಯಿಂದ ವರ್ಷವಿಡೀ ಬಾಯಿ ತೆರೆಯದ ಹುಡುಗರುಂಟು. ಮುಂದೆ ಸಂದರ್ಶನದ ಕೊಠಡಿಯಲ್ಲಿ, ಉತ್ತರ ಗೊತ್ತಿದ್ದೂ, ಅದೇ ಭಯ ಅವರನ್ನು ಮೂಕರನ್ನಾಗಿಸುತ್ತದೆ.

ಆದರೆ ಕ್ರಿಯಾಪದದ ಸಂಪತ್ತಿನಲ್ಲಿ ಈ ಹುಡುಗ ಬಡವನೇನಲ್ಲ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡದ ತಿರುಳಿರುವ ನಾಡನ್ನು ಗುರುತಿಸುವಾಗ ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು, ಅದೇ ಇಂದಿನ ಲಕ್ಷ್ಮೇಶ್ವರ. ಆ ಸೀಮೆಯ ಮಗು ಶಾಲೆಯ ಮೆಟ್ಟಿಲು ಹತ್ತುವ ಮೊದಲೇ ಬಂದೆ, ಬಂದ, ಬಂದಳು, ಬಂದರು, ಬಂತು ಎಂಬ ಭೇದಗಳನ್ನು ಅರಿತಿರುತ್ತದೆ. ಇಂಗ್ಲಿಷಿನಲ್ಲಿ ಇಷ್ಟಕ್ಕೂ ‘ಕೇಮ್’ ಒಂದೇ. ಲಿಂಗ, ವಚನ, ಪುರುಷಗಳ ಮೂರು ಹೊರೆಗಳನ್ನು ಆಟವಾಡುತ್ತ ಹೊತ್ತವನು ‘ಹಿ ಕಮ್ಸ್’ ಎಂಬುದರ ತುದಿಯ ಒಂದು ಸಕಾರಕ್ಕೆ ಸೋಲುವುದು ಸೋಜಿಗವೇ ಸರಿ.

‘ಗೋ, ವೆಂಟ್, ಗಾನ್’ ಎಂಬ ಪಟ್ಟಿಯನ್ನು ಕಂಡರೆ ಹಲವರಿಗೆ ಜ್ವರ ಬರುತ್ತದೆ. ಆದರೆ ಕನ್ನಡದಲ್ಲಿಯೂ ‘ಓಡು’ ಎಂಬುದು ‘ಓಡಿದ’ ಆದಂತೆ ‘ಕೊಡು’ ಎಂಬುದು ‘ಕೊಡಿದ’ ಆಗುವುದಿಲ್ಲ, ‘ಕೊಟ್ಟ’ ಆಗುತ್ತದೆ. ‘ತರು’ ‘ತಂದ’ನಾಗುತ್ತದೆ, ‘ಸಾಯು’ ‘ಸತ್ತ’ನಾಗುತ್ತದೆ. ಇವುಗಳನ್ನು ಯಾವ ತಾಯಿಯೂ ಕೋಷ್ಟಕ ಬರೆದು ಕಲಿಸಲಿಲ್ಲ. ಎರಡು ಭಾಷೆಗಳಲ್ಲಿಯೂ ಹೀಗೆ ಹಟ ಹಿಡಿದವುಗಳಲ್ಲಿ ಹೆಚ್ಚಿನವು ನಿತ್ಯ ಬಳಕೆಯ ಮಾತುಗಳೇ. ನಾಲಿಗೆಯ ಮೇಲೆ ದಿನವೂ ಓಡಾಡುವುದರಿಂದ ಅವು ಹಳೆಯ ರೂಪವನ್ನು ಬಿಟ್ಟುಕೊಟ್ಟಿಲ್ಲ. ಅವುಗಳನ್ನು ಒಲಿಸಿಕೊಳ್ಳುವ ದಾರಿಯೂ ಬಾಯಿಪಾಠಕ್ಕಿಂತ ಬಳಕೆಯೇ.

ಮೊದಲು ಹೇಳಿದ ತಪ್ಪಿಗೂ ಮದ್ದು ಮನೆಯಲ್ಲಿಯೇ ಇದೆ. ‘ಹೋದ’ ಎಂಬುದನ್ನು ನಿರಾಕರಿಸುವಾಗ ಯಾರೂ ‘ಹೋದಲಿಲ್ಲ’ ಎನ್ನುವುದಿಲ್ಲ, ‘ಹೋಗಲಿಲ್ಲ’ ಎನ್ನುತ್ತಾರೆ. ‘ಇಲ್ಲ’ ಬಂದೊಡನೆ ‘ಹೋದ’ ಎಂಬುದು ಭೂತಕಾಲದ ವೇಷ ಕಳಚಿ ಮೂಲದ ‘ಹೋಗು’ ಎಂಬುದಕ್ಕೆ ಮರಳುತ್ತದೆ. ಹಾಗೆಯೇ ‘ಡಿಡ್’ ಬಂದೊಡನೆ ‘ವೆಂಟ್’ ಎಂಬುದು ‘ಗೋ’ ಆಗುತ್ತದೆ. ಕಾಲದ ಹೊರೆಯನ್ನು ಸಹಾಯಕ ಕ್ರಿಯಾಪದವೇ ಹೊರುತ್ತದೆ. ‘ಐ ಆಮ್ ನೋಯಿಂಗ್’ ಎನ್ನುವವನಿಗೂ ಇದೇ ಔಷಧ. ‘ಗೊತ್ತುತ್ತಿದೆ’, ‘ಬೇಕುತ್ತಿದೆ’ ಎಂದರೆ ಮನೆಯ ಅಜ್ಜಿ ನಕ್ಕಾಳು. ‘ಗೊತ್ತು’, ‘ಬೇಕು’ಗಳಂತೆ ‘ನೋ’, ‘ವಾಂಟ್’ಗಳೂ ನಡೆಯುತ್ತಿರುವ ಕೆಲಸವನ್ನಲ್ಲ, ಇರುವ ಸ್ಥಿತಿಯನ್ನು ಹೇಳುತ್ತವೆ; ಸಾಮಾನ್ಯವಾಗಿ ಅವಕ್ಕೆ ‘ಇಂಗ್’ ಒಗ್ಗದು.

ಎಲ್ಲವೂ ಹೀಗೆ ಸರಿಹೊಂದುವುದಿಲ್ಲ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಕುಳಿತವನು ಸೀರೆಯನ್ನು ‘ನೇಯ್ದನು’. ನೂಲು ಕೊಟ್ಟ ಯಜಮಾನನು ‘ನೇಯಿಸಿದನು’. ಇಂಗ್ಲಿಷಿಗೆ ಈ ‘ಇಸು’ ಪ್ರತ್ಯಯವಿಲ್ಲ. ‘ಹ್ಯಾಡ್ ಇಟ್ ವೋವನ್’ ಎಂದು ಸುತ್ತಿ ಬರಬೇಕು. ಗಾರೆಯನ್ನು ಮುಟ್ಟದವನೂ ‘ಐ ಬಿಲ್ಟ್ ಎ ಹೌಸ್’ ಎಂದರೆ ಅಲ್ಲಿ ಸಲ್ಲುತ್ತದೆ. ‘ಮನೆ ಕಟ್ಟಿಸಿದೆ’ ಎಂಬ ಕನ್ನಡದ ಮಾತಿನಲ್ಲಿಯಾದರೋ ಗೌಂಡಿಗೂ ಒಂದಿಷ್ಟು ಸ್ಥಳವಿದೆ.

ಮರ್ಯಾದೆಯ ವಿಷಯವೂ ಹಾಗೆಯೇ. ಗದಗಿನ ಪೇಟೆಯಲ್ಲಿ ಗೌರವವೆಲ್ಲ ಕ್ರಿಯಾಪದದ ತುದಿಯ ‘ರಿ’ಕಾರದಲ್ಲಿದೆ: ಮೊಮ್ಮಗನಿಗೆ ‘ಬಾ’, ಅಜ್ಜನಿಗೆ ‘ಬರ್ರಿ’. ಇಂಗ್ಲಿಷಿನಲ್ಲಿ ಇಬ್ಬರಿಗೂ ‘ಕಮ್’ ಒಂದೇ. ವಿನಯಕ್ಕೆ ‘ಪ್ಲೀಸ್’, ‘ವುಡ್ ಯು’ಗಳ ನೆರವು ಬೇಕು. ಇದನ್ನರಿಯದ ಹುಡುಗ ಬರಿಯ ಕ್ರಿಯಾಪದವನ್ನಾಡಿ ಒರಟನೆನಿಸಿಕೊಳ್ಳುತ್ತಾನೆ. ಅವನ ಮನಸ್ಸಿನಲ್ಲಿದ್ದ ‘ರಿ’ಕಾರ ಕೇಳುವವರಿಗೆ ಕೇಳಿಸಿರುವುದಿಲ್ಲ. ಹೊರಡುವಾಗ ‘ಬರ್ತೀನ್ರಿ’ ಎನ್ನುವುದು ಈ ಕಡೆಯ ಪದ್ಧತಿ. ‘ಹೋಗುತ್ತೇನೆ’ ಎಂಬುದು ಅಶುಭ. ಅದನ್ನೇ ‘ಐ ಆಮ್ ಕಮಿಂಗ್’ ಎಂದು ಹೇಳಿ ಹೊರಟರೆ, ಬೇರೆ ಸೀಮೆಯ ಅಧಿಕಾರಿ ಬಾಗಿಲನ್ನೇ ನೋಡುತ್ತ ಕಾಯಬೇಕಾಗುತ್ತದೆ.

ಕೋಲು ಹಿಡಿದು ‘ವೆಂಟ್’ ಎಂಬುದನ್ನು ತಿದ್ದುವ ಬದಲು, ಉಪಾಧ್ಯಾಯರು ಮೊದಲ ದಿನವೇ ಹಲಗೆಯ ಮೇಲೆ ‘ಹೋಗಲಿಲ್ಲ’ ಎಂದು ಬರೆದು, ‘ಇಲ್ಲಿ ಹೋದ ಎಲ್ಲಿ ಹೋಯಿತು?’ ಎಂದು ಕೇಳಬಹುದು. ಉತ್ತರ ಹುಡುಗನ ನಾಲಿಗೆಯ ಮೇಲೆಯೇ ಇದೆ. ಅದನ್ನು ಹೇಳಿದವನು ಹಿಂದಿನ ಬೆಂಚಿಗೆ ಮತ್ತೆ ಹೆದರಲಾರನು.