ಬೆಲ್ಲದ ಊರಿನಲ್ಲಿ ಜ್ಯಾಗರಿ

ಯಲಿಯೂರು, ಜನವರಿ 8, 2025, ಬುಧವಾರ

ಜ್ಯಾಗರಿ ಎಂಬ ಪದ ಇಂಗ್ಲಿಷರು ಹುಟ್ಟಿಸಿದ್ದಲ್ಲ, ನಮ್ಮ ಸಕ್ಕರೆಯ ಒಡಹುಟ್ಟು. ಸಂಸ್ಕೃತದ ಶರ್ಕರಾ ಕನ್ನಡದಲ್ಲಿ ಸಕ್ಕರೆಯಾಯಿತು, ಮಲೆಯಾಳದಲ್ಲಿ ಚಕ್ಕರ. 1498ರಲ್ಲಿ ಕಲ್ಲಿಕೋಟೆಯ ಕಡೆ ಬಂದಿಳಿದ ಪೋರ್ಚುಗೀಸರ ಬಾಯಲ್ಲಿ ಆ ಚಕ್ಕರ ಕ್ರಮೇಣ ಜಾಗರ, ಜಾಗ್ರ ಆಯಿತು. ಅವರಿಂದ ಇಂಗ್ಲಿಷರು ಎತ್ತಿಕೊಂಡರು. ಅದೇ ಶರ್ಕರಾ ಇನ್ನೊಂದು ದಾರಿ ಹಿಡಿದು ಪಾರಸಿಯಲ್ಲಿ ಶಕರ್, ಅರಬ್ಬಿಯಲ್ಲಿ ಸುಕ್ಕರ್ ಆಗಿ, ಫ್ರೆಂಚ್ ದಾಟಿ ಶುಗರ್ ಆಗಿ ಇಂಗ್ಲೆಂಡ್ ಸೇರಿತು. ಶುಗರ್, ಜ್ಯಾಗರಿ ಎರಡರ ಬೇರೂ ಒಂದೇ.

ತಮ್ಮನ ಮಗ ಬೆಲ್ಲದ ಪೊಟ್ಟಣಕ್ಕೆ ಲೇಬಲ್ ಅಚ್ಚು ಹಾಕಿಸುತ್ತಿದ್ದಾನೆ. 'ದೊಡ್ಡಪ್ಪ, ಜ್ಯಾಗರಿ ಸ್ಪೆಲಿಂಗ್ ಒಸಿ ನೋಡಿ' ಅಂದ. ಅದಕ್ಕೇ ನಿಘಂಟು ತೆಗೆದದ್ದು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ಹಾಬ್ಸನ್-ಜಾಬ್ಸನ್ ನಿಘಂಟಿನ ಪ್ರಕಾರ ಜ್ಯಾಗರಿ ಅಂದರೆ ತಾಳೆ ಜಾತಿಯ ಮರಗಳ ರಸದಿಂದ ಮಾಡಿದ ಒರಟು ಕಂದು ಸಕ್ಕರೆ. ಮೊದಲ ಅರ್ಥದಲ್ಲಿ ಕಬ್ಬಿನ ಸುಳಿವೇ ಇಲ್ಲ. ಅವರು ಕಂಡದ್ದು ಕರಾವಳಿಯ ತೆಂಗು, ತಾಳೆ, ಬೈನೆಯ ಬೆಲ್ಲ. ಅದಕ್ಕೆ ಅವರನ್ನು ದೂರುವಂತಿಲ್ಲ. 'ಒರಟು' ಅಂದದ್ದನ್ನು ಮಾತ್ರ ಒಪ್ಪಲಾರೆ.

ಜನವರಿ 10, ಶುಕ್ರವಾರ

ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕುತ್ತಿತ್ತು. ಬೆಂಡೆ ಗಿಡ ಜಜ್ಜಿ ತೆಗೆದ ಲೋಳೆ ಬಿಟ್ಟ ಸ್ವಲ್ಪ ಹೊತ್ತಿಗೆ ಕೊಳೆಯೆಲ್ಲ ನೊರೆಗೆ ಅಂಟಿ ಮೇಲೆ ಬಂತು. ಜಾಲರಿ ಸೌಟಿನಲ್ಲಿ ಬಾಚಿ ಎಸೆದರು. ಪಾಕ ನೋಡುವಾತ ಒಂದು ತೊಟ್ಟನ್ನು ತಣ್ಣೀರಿಗೆ ಬಿಟ್ಟ, ಬೆರಳಲ್ಲಿ ಉರುಟಿದ. ಗೋಲಿಯಂತೆ ನಿಂತಿತು. 'ಇಳಿಸ್ರಲಾ' ಅಂದ. ಇನ್ನೊಂದು ನಿಮಿಷ ತಡವಾಗಿದ್ದರೆ ಸೀದುಹೋಗುತ್ತಿತ್ತು. ಇಷ್ಟು ಸೂಕ್ಷ್ಮದ ಕೆಲಸಕ್ಕೆ ಒರಟು ಎನ್ನುವುದು ಯಾವ ನ್ಯಾಯ?

ಕಂದು ಅಂದದ್ದು ನಿಜ. ಆದರೆ ಪೇಟೆಯವರಿಗೆ ಹಳದಿಯೇ ಬೇಕು. ಅದಕ್ಕಾಗಿ ಹೈಡ್ರೋಸ್ ಎಂಬ ರಾಸಾಯನಿಕ ಸುರಿಯುವವರಿದ್ದಾರೆ, ಸಕ್ಕರೆಯನ್ನೇ ಕರಗಿಸಿ ಬೆರೆಸುವವರೂ ಇದ್ದಾರೆ. ನಮ್ಮ ಹುಡುಗ ಅದನ್ನು ಮುಟ್ಟುವುದಿಲ್ಲ. ಅವನ ಬೆಲ್ಲ ಕಂದಾಗಿಯೇ ಇದೆ, ನನಗೆ ಹೆಮ್ಮೆ.

ಜನವರಿ 13, ಸೋಮವಾರ

ನಾಳೆ ಸಂಕ್ರಾಂತಿ. ಎಳ್ಳಿಗೆ ಬೆಲ್ಲ ಹೆಚ್ಚುತ್ತಾ ಮತ್ತೆ ಅದೇ ಯೋಚನೆ.

ಶರ್ಕರಾ ಅಂದರೆ ಮೂಲದಲ್ಲಿ ಮರಳುಗಲ್ಲು, ಜಲ್ಲಿಯ ಚೂರು. ಆಯುರ್ವೇದದಲ್ಲಿ ಮೂತ್ರದಲ್ಲಿ ಬೀಳುವ ಕಲ್ಲುಪುಡಿಗೂ ಅದೇ ಹೆಸರು. ಹರಳಾದ ಸಿಹಿಗೆ ಆ ಹೆಸರು ಒಪ್ಪುತ್ತದೆ. ಕೃಷ್ಣರಾಜಸಾಗರದ ನೀರು ಬಂದು, 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದ ಮೇಲೆ ನಮ್ಮ ಸೀಮೆ ಸಕ್ಕರೆ ನಾಡು ಅನ್ನಿಸಿಕೊಂಡಿತು. ಕಾರ್ಖಾನೆಯಲ್ಲಿ ಗಿರಗಿರನೆ ತಿರುಗಿಸಿ ಕಾಕಂಬಿಯನ್ನು ಬೇರ್ಪಡಿಸಿದರೆ ಉಳಿಯುವುದು ಆ ಹರಳು. ಬೆಲ್ಲದಲ್ಲಿ ಕಾಕಂಬಿಯೂ ಒಳಗೇ ಉಳಿಯುತ್ತದೆ. ಅದರ ಬಣ್ಣ, ಘಮ ಎಲ್ಲ ಅಲ್ಲಿಂದಲೇ. ಕನ್ನಡ ಈ ಎರಡನ್ನೂ ಬೇರೆಬೇರೆಯಾಗಿಯೇ ಇಟ್ಟುಕೊಂಡು ಬಂದಿದೆ. ತೆಲುಗಿನ ಬೆಲ್ಲಂ, ತಮಿಳಿನ ವೆಲ್ಲಂ ನಮ್ಮ ಬೆಲ್ಲದ ಹತ್ತಿರದ ನೆಂಟರು. ಅವು ಯಾವುವೂ ಹಡಗು ಹತ್ತಲಿಲ್ಲ. ಹತ್ತಿದ್ದು ಚಕ್ಕರ. ಹಾಗಾಗಿ ಜಲ್ಲಿಕಲ್ಲಿನ ಹೆಸರು ಹೊತ್ತು ಬೆಲ್ಲ ಪರದೇಶದಲ್ಲಿ ಮಾರಾಟವಾಗುತ್ತಿದೆ.

ಸಂಜೆ ಹುಡುಗ ಬಂದಾಗ ಹೇಳಿದೆ: ಮೇಲೆ ಕನ್ನಡದಲ್ಲಿ ಬೆಲ್ಲ, ಇಂಗ್ಲಿಷ್ ಅಕ್ಷರದಲ್ಲೂ ಬೆಲ್ಲ, ಜ್ಯಾಗರಿ ಕೆಳಗೆ ಸಣ್ಣದಾಗಿರಲಿ. 'ಅಂಗಂದ್ರೆ ಹೊರಗಿನೋರ್ಗೆ ಗೊತ್ತಾಯ್ತದಾ ದೊಡ್ಡಪ್ಪ?' ಅಂದ. ಇಡ್ಲಿ, ದೋಸೆ ಗೊತ್ತಾಗಲಿಲ್ಲವೇನೋ ಅಂದೆ. ಒಪ್ಪಿದ. ಯಲಿಯೂರಿನ ಹೆಸರೂ ಬೇಕೆಂದಿದ್ದೇನೆ. ಜಾಗ ಸಾಲುತ್ತದೋ ಇಲ್ಲವೋ, ಹಬ್ಬ ಕಳೆದ ಮೇಲೆ ಪ್ರೆಸ್ಸಿನವರನ್ನು ಕೇಳಿ ಹೇಳುತ್ತಾನಂತೆ.