ಕೆಸರಿಗಿಳಿದ ನವರಂಗದ ನೆಂಟ

ಭಿತರ್‌ಕನಿಕಾಕ್ಕೆ ಹೋದವರು ಮೊದಲು ಕೇಳುವುದು ಮೊಸಳೆಯನ್ನೇ. ಒಡಿಶಾದ ಕೇಂದ್ರಪಾಡಾ ಜಿಲ್ಲೆಯಲ್ಲಿ ಬ್ರಾಹ್ಮಣಿ, ವೈತರಣಿ ನದಿಗಳು ಕವಲೊಡೆದು ಕಡಲು ಸೇರುವಲ್ಲಿ ಬೆಳೆದ ಕಾಂಡ್ಲಾ ಕಾಡು ಅದು. ದಂಡೆಯ ಮೇಲೆ ಬಾಯ್ದೆರೆದು ಮಲಗಿದ ಉಪ್ಪುನೀರಿನ ಮೊಸಳೆಯತ್ತ ಅಂಬಿಗ ಬೆರಳು ತೋರಿದ್ದೇ ತಡ, ದೋಣಿಯ ಕ್ಯಾಮೆರಾಗಳೆಲ್ಲ ಆ ಕಡೆಗೆ ತಿರುಗುತ್ತವೆ. ಹಕ್ಕಿಯ ಹುಚ್ಚಿನವರು ಮಾತ್ರ ಎದುರು ದಡಕ್ಕೆ ಕಿವಿಗೊಟ್ಟು ಕೂತಿರುತ್ತಾರೆ.

ಅವರಿಗೆ ಬೇಕಾದದ್ದು ಮ್ಯಾಂಗ್ರೋವ್ ಪಿಟ್ಟಾ. ನಮ್ಮ ಕಾಡುಗಳಲ್ಲಿ ಕಾಣುವ ನವರಂಗದ ಹತ್ತಿರದ ನೆಂಟ. ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿಗೆ ಕಪ್ಪು ಪಟ್ಟಿ, ಬಿಳಿ ಗಂಟಲು, ಬಾಲದಡಿಯಲ್ಲಿ ಕಡುಗೆಂಪು: ಮದುವೆಗೆ ಸಿಂಗರಿಸಿಕೊಂಡವನು ದಾರಿ ತಪ್ಪಿ ನಾಟಿಗದ್ದೆಗೆ ಇಳಿದಂತಿದೆ. ನವರಂಗಕ್ಕಿರುವ ಬಿಳಿ ಹುಬ್ಬು ಇದಕ್ಕಿಲ್ಲ. ಕೊಕ್ಕು ಮಾತ್ರ ಭಾರಿ. 1863ರಲ್ಲಿ ಇದನ್ನು ವಿವರಿಸಿದ ಹರ್ಮನ್ ಶ್ಲೆಗೆಲ್ ವೈಜ್ಞಾನಿಕ ಹೆಸರಿನಲ್ಲೂ ಆ ಕೊಕ್ಕನ್ನೇ ಹಿಡಿದರು.

ಅಷ್ಟು ದೊಡ್ಡ ಕೊಕ್ಕು ಏಡಿಗಾಗಿ. ನೀರು ಇಳಿದು ಕೆಸರು ತೆರೆದುಕೊಂಡಾಗ ಹಕ್ಕಿ ಉಸಿರುಬೇರುಗಳ ನಡುವೆ ಕುಪ್ಪಳಿಸುತ್ತ ಏಡಿ, ಹುಳು, ಬಸವನಹುಳು ಹೆಕ್ಕುತ್ತದೆ. ಹಾಗಾಗಿ ಇಲ್ಲಿ ಗಡಿಯಾರಕ್ಕಿಂತ ಉಬ್ಬರ ಇಳಿತದ ಲೆಕ್ಕವೇ ಮುಖ್ಯ. ಮರದ ತುದಿಯನ್ನೇ ನೋಡುತ್ತ ಕತ್ತು ನೋಯಿಸಿಕೊಂಡವರಿಗೆ ಅದು ಕಾಲ್ಬುಡದಲ್ಲೇ ತಪ್ಪಿಹೋಗುತ್ತದೆ.

ಅಷ್ಟೊಂದು ಬಣ್ಣವಿದ್ದೂ ಮೊದಲು ಸಿಗುವುದು ದನಿ. ಎರಡೇ ಸ್ವರದ, ತುಸು ಎಳೆದ ಕೂಗು. ಕೋಗಿಲೆಯ ಹಾಡಿಗೆ ಒಗ್ಗಿದ ಕಿವಿಗಳಿಗೆ ಇದು ಸಂಗೀತವೆನಿಸಲಾರದು. ಪಿಟ್ಟಾಗಳು ಗುಬ್ಬಿ, ಕಾಗೆಗಳ ಗಣಕ್ಕೇ ಸೇರಿದರೂ ಅವುಗಳ ಧ್ವನಿಪೆಟ್ಟಿಗೆಯ ಸ್ನಾಯುಗಳು ಸರಳ. ರಾಗ ಬೆಳೆಸುವ ಗೋಜಿಗೆ ಅವು ಹೋಗುವುದಿಲ್ಲ. ಈ ಕೂಗನ್ನು ಮೊಬೈಲಿನಲ್ಲಿ ನುಡಿಸಿ ಹಕ್ಕಿಯನ್ನು ಕರೆಸುವವರೂ ಇದ್ದಾರೆ. ತನ್ನ ಎಲ್ಲೆಯೊಳಗೆ ಮತ್ತೊಬ್ಬ ನುಗ್ಗಿದನೆಂದು ಜಗಳಕ್ಕೆ ಬಂದದ್ದನ್ನು ‘ಎಷ್ಟು ಸಾಧು ಹಕ್ಕಿ’ ಎಂದು ಮೆಚ್ಚಿ ಪಟ ತೆಗೆಯುವುದು ಅಷ್ಟೇನೂ ಒಳ್ಳೆಯ ಅಭ್ಯಾಸವಲ್ಲ.

ಭಾರತದಿಂದ ಸುಮಾತ್ರಾವರೆಗಿನ ಕರಾವಳಿಯಲ್ಲಿ ಇದರ ವಾಸ. ಆ ಉದ್ದಕ್ಕೂ ಕಾಂಡ್ಲಾ ಕಡಿದು ಸಿಗಡಿ ಹೊಂಡ ತೋಡಿದ್ದಕ್ಕೆ ಲೆಕ್ಕವಿಲ್ಲ. ಐಯುಸಿಎನ್ ಪಟ್ಟಿಯಲ್ಲಿ ಹಕ್ಕಿ ಅಪಾಯದ ಅಂಚಿನಲ್ಲಿದೆ. 2024ರಲ್ಲಿ ಒಡಿಶಾ ಕರಾವಳಿಯಲ್ಲಿ ನಡೆದ ಮೊದಲ ಗಣತಿಯಲ್ಲಿ ಕಂಡದ್ದು 179.

ಅಘನಾಶಿನಿಯ ಕಾಂಡ್ಲಾದಲ್ಲಿ ಇದನ್ನು ಹುಡುಕಿ ಫಲವಿಲ್ಲ, ಪಶ್ಚಿಮ ಕರಾವಳಿ ಇದರ ನೆಲೆಯಲ್ಲ. ಒಡಿಶಾಕ್ಕೇ ಹೋಗುವವರು ಮೇಯಿಂದ ಜುಲೈವರೆಗಿನ ತಿಂಗಳುಗಳನ್ನು ಬಿಡಬೇಕು. ಆಗ ಮೊಸಳೆಗಳ ಬಾಣಂತನಕ್ಕಾಗಿ ಉದ್ಯಾನದ ಬಾಗಿಲು ಮುಚ್ಚಿರುತ್ತದೆ.